ಮಳೆಗಾಲಕ್ಕೆ ಒಂದು ಜನರೇಟರ್: ಮನೆಗೂ ಬೇಕು, ಹ್ಯಾಮ್ ರೇಡಿಯೋಗೂ ಬೇಕು

ಹೋದ ವರ್ಷ ಆಶ್ಲೇಷ ಮಳೇಲಿ ನಮ್ಮ ಕಡೆ ಐದು ದಿನ ಕರೆಂಟ್ ಇರ್ಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ರೋಡಿಂದ ಮೂರು ಕಿಲೋಮೀಟರ್ ಒಳಗೆ ನಮ್ಮನೆ, ಲೈನ್ ಬರೋದೆಲ್ಲ ಕಾಡಿನ ಮಧ್ಯೆನೇ, ಒಂದು ದೊಡ್ಡ ಮರ ಬಿತ್ತು ಅಂದ್ರೆ ಜೊತೆಗೆ ನಾಲ್ಕು ಕಂಬನೂ ಮಲಗ್ತವೆ, ಲೈನ್‌ಮ್ಯಾನ್‌ಗಳು ಆ ಜಡಿಮಳೇಲಿ ಉಂಬಳ ಕಚ್ಚಿಸ್ಕೊಂಡು ಎಷ್ಟು ಅಂತ ಮಾಡ್ತಾರೆ ಪಾಪ. ಎರಡನೇ ರಾತ್ರಿಗೆ ಯುಪಿಎಸ್ ಕೂಗಿ ಕೂಗಿ ಸತ್ತೋಯ್ತು, ಮೂರನೇ ದಿನ ಮೊಬೈಲ್ ಟವರೂ ಹೋಯ್ತು. ಪಕ್ಕದ ಮನೆ ಅಜ್ಜಿ ಇನ್ಸುಲಿನ್ ನಮ್ಮ ಫ್ರಿಜ್ಜಲ್ಲೇ ಇಡೋದು. ಕೊನೆಗೆ ಕಾರಿನ ಬ್ಯಾಟರಿ ಬಿಚ್ಚಿ ರಿಗ್ಗಿಗೆ, ಅಂದ್ರೆ ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋ ಸೆಟ್ಟಿಗೆ ಹಾಕಿ, 40 ಮೀಟರ್ ಬ್ಯಾಂಡಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) ಸಿಕ್ಕ ಹ್ಯಾಮ್ ಗೆಳೆಯರೊಬ್ಬರಿಗೆ ರೋಡ್ ಬಂದ್ ಆಗಿರೋದು, ಔಷಧಿ ಬೇಕಾಗಿರೋದು ಎಲ್ಲ ಹೇಳಿ ಊರಿಗೆ ಸುದ್ದಿ ಮುಟ್ಸಿದ್ದು. ಆವತ್ತೇ ತೀರ್ಮಾನ ಮಾಡ್ದೆ, ಮುಂದಿನ ಮಳೆಗಾಲದೊಳಗೆ ಒಂದು ಜನರೇಟರ್ ಬರಲೇಬೇಕು ಅಂತ.

ಅಂಗಡಿಗೆ ಹೋದ್ರೆ ಮೊದಲು ಕೇಳೋದೇ "ಎಷ್ಟು ಕೆವಿಎ ಬೇಕು ಸಾರ್" ಅಂತ (ಕೆವಿಎ ಅಂದ್ರೆ ಜನರೇಟರ್ ಸಾಮರ್ಥ್ಯದ ಅಳತೆ, ಒರಟು ಲೆಕ್ಕಕ್ಕೆ ಸಾವಿರ ವಾಟ್). ಅದಕ್ಕೆ ಮನೇಲೇ ಕೂತು ಲೆಕ್ಕ ಹಾಕ್ಕೊಂಡು ಹೋಗಿ. ನನ್ನ ರಿಗ್ ಐಕಾಂ 7300, 100 ವಾಟ್ ಟ್ರಾನ್ಸ್‌ಮಿಟ್ ಮಾಡುವಾಗ 13.8 ವೋಲ್ಟಲ್ಲಿ ಜಾಸ್ತಿ ಅಂದ್ರೆ 21 ಆಂಪ್ ಎಳೆಯುತ್ತೆ, ಅಂದ್ರೆ 290 ವಾಟ್, 230 ವೋಲ್ಟನ್ನ 13.8 ವೋಲ್ಟ್ ಡಿಸಿ ಮಾಡಿ ರಿಗ್ಗಿಗೆ ಕೊಡೋ ಎಸ್‌ಎಂಪಿಎಸ್ ಪವರ್ ಸಪ್ಲೈನ ನಷ್ಟ ಸೇರಿಸಿದ್ರೆ 350 ಹತ್ರ. ಬರೀ ಕೇಳ್ತಾ ಕೂತ್ರೆ ಒಂದು ಆಂಪ್ ಅಷ್ಟೇ. ಫ್ರಿಜ್ ಓಡ್ವಾಗ 150 ವಾಟ್, ಆದ್ರೆ ಕಂಪ್ರೆಸರ್ ಸ್ಟಾರ್ಟ್ ಆಗೋ ಆ ಕ್ಷಣಕ್ಕೆ ಅದರ ಎಷ್ಟೋ ಪಟ್ಟು ಕೇಳುತ್ತೆ. ಯುಪಿಎಸ್‌ನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಚಾರ್ಜಿಗೆ ಒಂದು 300, ಆಮೇಲೆ ಲೈಟು ರೂಟರು. ಎಲ್ಲ ಸೇರಿ ಸಾವಿರ ವಾಟ್ ದಾಟಲ್ಲ.

ತಗೊಂಡಿದ್ದು ಹೋಂಡಾ ಇಯು22ಐ, ಇನ್ವರ್ಟರ್ ಟೈಪಿನ ಪೆಟ್ರೋಲ್ ಜನರೇಟರ್, ಬೆಂಗಳೂರಲ್ಲಿರೋ ಭಾವನ ಕೈಲಿ ತರಿಸಿದ್ದು. 121 ಸಿಸಿ ಎಂಜಿನ್, 1800 ವಾಟ್ ನಿರಂತರ, ಸ್ವಲ್ಪ ಹೊತ್ತಿಗೆ 2200. ತೂಕ 21 ಕಿಲೋ, ಒಬ್ಬನೇ ಎತ್ಕೊಂಡು ಜಗಲಿಯಿಂದ ಅಂಗಳಕ್ಕೆ ಇಳಿಸಬಹುದು. ಇದೇ ಸಾಲಿನ ಇಯು30ಐಎಸ್ ಕೂಡ ನೋಡ್ದೆ, ಸೆಲ್ಫ್ ಸ್ಟಾರ್ಟು, 13 ಲೀಟರ್ ಟ್ಯಾಂಕು, ಚೆಂದ ಇದೆ, ಆದ್ರೆ ಸುಮಾರು 60 ಕಿಲೋ, ನಮ್ಮ ಅಂಗಳದ ಕೆಸರಲ್ಲಿ ಅದರ ಗಾಲಿ ಉರುಳಲ್ಲ. ಇದೇ ದುಡ್ಡಿಗೆ ಇನ್ನೂ ದೊಡ್ಡ ಎವಿಆರ್ ಸೆಟ್ (ಇನ್ವರ್ಟರ್ ಇಲ್ಲದ ಮಾಮೂಲಿ ಜನರೇಟರ್) ಬರ್ತಿತ್ತು, ನಿಜ. ಆದ್ರೆ ಎವಿಆರ್ ಅಂದ್ರೆ 50 ಹರ್ಟ್ಸ್ ಬರೋಕೆ ಎಂಜಿನ್ ಯಾವಾಗ್ಲೂ 3000 ಆರ್‌ಪಿಎಂ ತಿರುಗ್ತಾನೇ ಇರಬೇಕು, ಒಂದೇ ಬಲ್ಬ್ ಹಾಕಿದ್ರೂ ಅದೇ ಗದ್ದಲ, ಪೆಟ್ರೋಲೂ ಸುಮ್ಮನೆ ಖರ್ಚು. ಇನ್ವರ್ಟರ್ ಟೈಪಲ್ಲಿ ಮೊದಲು ಡಿಸಿ ಮಾಡ್ಕೊಂಡು ಆಮೇಲೆ 230 ವೋಲ್ಟ್ 50 ಹರ್ಟ್ಸ್ ತಯಾರು ಮಾಡೋದ್ರಿಂದ ಲೋಡಿಗೆ ತಕ್ಕಂಗೆ ಎಂಜಿನ್ ನಿಧಾನ ಆಗುತ್ತೆ. 3.6 ಲೀಟರ್ ಟ್ಯಾಂಕಲ್ಲಿ ಕಾಲು ಲೋಡಿಗೆ ಎಂಟು ಗಂಟೆ ಹತ್ರ ಓಡುತ್ತೆ, ಪೂರ್ತಿ ಲೋಡ್ ಹಾಕಿದ್ರೆ ಮೂರು ಗಂಟೆ ಚಿಲ್ರೆ.

ಊರಲ್ಲಿ ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ, ಅಡಿಕೆ ಸುಲಿಯೋ ಮೆಶಿನ್ ಓಡುತ್ತಾ, ತೋಟದ ಪಂಪ್ ಓಡುತ್ತಾ ಅಂತ. ಪಕ್ಕದ ಮನೆ ಗೌಡ್ರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ, ಅದನ್ನ ನಂಬ್ಕೊಂಡು ತಗೋಬೇಡಿ. 1 ಎಚ್‌ಪಿ ಅಂದ್ರೆ 746 ವಾಟ್ ತಾನೇ ಅನ್ಸುತ್ತೆ, ಆದ್ರೆ ಮೋಟರ್ ಏಳೋವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಅಷ್ಟು ಕೊಡೋಕೆ ಈ ಚಿಕ್ಕ ಸೆಟ್ಟಿಗೆ ಆಗಲ್ಲ. ಜೊತೆಗೆ ಎತ್ತರದಲ್ಲಿ ಗಾಳಿ ತೆಳು, 300 ಮೀಟರಿಗೆ ಮೂರೂವರೆ ಪರ್ಸೆಂಟ್ ಶಕ್ತಿ ಕಮ್ಮಿ ಆಗುತ್ತೆ, ನಮ್ಮದು 600 ಮೀಟರ್ ಆಸುಪಾಸು, ಅಲ್ಲೇ ನೂರು ನೂರಿಪ್ಪತ್ತು ವಾಟ್ ಹೋಯ್ತು.

ಈಗ ರೇಡಿಯೋ ವಿಷಯ, ನಾನು ಬರೆಯೋಕೆ ಕೂತಿದ್ದೇ ಇದಕ್ಕೆ. ಹ್ಯಾಮ್‌ಗಳಿಗೆ ಗೊತ್ತು, ಕರೆಂಟ್ ಹೋದಾಗ ಬ್ಯಾಂಡ್ ಎಷ್ಟು ಶಾಂತವಾಗಿರುತ್ತೆ ಅಂತ. ಊರಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಟಿವಿ ಎಲ್ಲ ಬಂದ್, ಎಸ್ ಮೀಟರ್ (ಬರೋ ಸಿಗ್ನಲ್, ಸದ್ದು ಎಷ್ಟು ಜೋರು ಅಂತ ರಿಗ್ಗಲ್ಲಿ ತೋರ್ಸೋ ಅಳತೆ; ಎಸ್1 ಸಣ್ಣದು, ಎಸ್9 ಜೋರು) ಪೂರ್ತಿ ಕೆಳಗೆ ಮಲಗಿರುತ್ತೆ, ಎಲ್ಲೋ ದೂರದ ಸಣ್ಣ ಸಿಗ್ನಲ್ಲೂ ಕಿವಿ ಪಕ್ಕ ಮಾತಾಡ್ದಂಗೆ ಬರುತ್ತೆ. ಅಂಥ ಬ್ಯಾಂಡಿನ ಮೇಲೆ ಹೊಸ ಜನರೇಟರ್ ಸ್ಟಾರ್ಟ್ ಮಾಡ್ದೆ ನೋಡಿ, 7 ಮೆಗಾಹರ್ಟ್ಸಲ್ಲಿ ಎಸ್7 ತನಕ ಗುರ್ ಅಂತ ಒಂದೇ ಸಮ ಸದ್ದು. ಹೊಟ್ಟೆ ಉರಿದೋಯ್ತು. ಇನ್ವರ್ಟರ್ ಅಂದ್ಮೇಲೆ ಒಳಗೆ ಸ್ವಿಚಿಂಗ್ ಇದ್ದೇ ಇರುತ್ತೆ, ಅದರದ್ದೇ ತಪ್ಪು ಅಂದ್ಕೊಂಡೆ. ಆಮೇಲೆ ಒಂದು ಪರೀಕ್ಷೆ ಮಾಡ್ದೆ: ಜನರೇಟರ್ ಓಡ್ತಾನೇ ಇರ್ಲಿ, ಫ್ರಿಜ್ಜಿಗೂ ಕೊಟ್ಟಿರ್ಲಿ, ರಿಗ್ ಮಾತ್ರ ಬ್ಯಾಟರಿ ಮೇಲೆ, ಎಸ್‌ಎಂಪಿಎಸ್ ಪ್ಲಗ್ ಕಿತ್ತು ಪಕ್ಕಕ್ಕೆ. ಸದ್ದು ಎಸ್2ಕ್ಕೆ ಇಳೀತು! ಅಂದ್ರೆ ಗಲಾಟೆ ಮಾಡ್ತಿದ್ದಿದ್ದು ನನ್ನ ಅಗ್ಗದ ಎಸ್‌ಎಂಪಿಎಸ್ಸೇ, ಜನರೇಟರ್ ಅಲ್ಲ. ದಯವಿಟ್ಟು ಮೆಶಿನ್ ವಾಪಸ್ ಕಳಿಸೋ ಮುಂಚೆ ಈ ಒಂದು ಪರೀಕ್ಷೆ ಮಾಡಿ.

ಉಳಿದ ಎಸ್2ಕ್ಕೆ ಫೆರೈಟ್, ಅಂದ್ರೆ ವೈರಲ್ಲಿ ಬರೋ ರೇಡಿಯೋ ಸದ್ದನ್ನ ತಡೆಯೋ ಕಾಂತೀಯ ವಸ್ತು. ಅದರಲ್ಲಿ ಮಿಕ್ಸ್ 31 ಅನ್ನೋ ಬಗೆ ಕೇಳಿ ತಗೊಳ್ಳಿ, ಎಚ್‌ಎಫ್‌ಗೆ (3ರಿಂದ 30 ಮೆಗಾಹರ್ಟ್ಸ್) ಅದೇ ಸರಿ. ದೊಡ್ಡ ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ಜನರೇಟರ್ ವೈರ್ ಏಳೆಂಟು ಸುತ್ತು ಸುತ್ತಿ, ಸುತ್ತು ಡಬಲ್ ಆದ್ರೆ ತಡೆ ಸುಮಾರು ನಾಲ್ಕು ಪಟ್ಟು ಆಗುತ್ತೆ, ಅದಕ್ಕೇ ವೈರ್ ಮೇಲೆ ಸುಮ್ಮನೆ ಒಂದು ಕ್ಲಿಪ್ ಹಾಕಿದ್ರೆ ಅಷ್ಟೇನೂ ಉಪಯೋಗ ಇಲ್ಲ. ಜನರೇಟರ್ ತುದೀಲೊಂದು, ಮನೆ ತುದೀಲೊಂದು. ನನ್ನ ಡೈಪೋಲ್ ಆಂಟೆನಾ 20 ಮೀಟರ್ ಉದ್ದ, ಎರಡು ಅಡಿಕೆ ಮರದ ಮಧ್ಯೆ ಕಟ್ಟಿದೀನಿ, ಜನರೇಟರ್ ಅದರ ಕೆಳಗೆ ಬರದಂಗೆ ಮನೆ ಆಚೆ ಬದಿಗೆ ಇಟ್ಟೆ. ಎಸ್‌ಎಸ್‌ಬೀಲಿ (ಹ್ಯಾಮ್‌ಗಳು ಧ್ವನಿ ಕಳಿಸೋ ಒಂದು ವಿಧಾನ) ಮಾತಾಡುವಾಗ ಲೋಡ್ ಮೇಲೆ ಕೆಳಗೆ ಕುಣಿಯುತ್ತಲ್ಲ, ಲೋಡ್ ಕಮ್ಮಿ ಆದಾಗ ಎಂಜಿನ್ ನಿಧಾನ ಮಾಡೋ ಇಕೋ ಸ್ವಿಚ್ ಆನ್ ಇದ್ರೆ ಎಂಜಿನ್ನೂ ಅದರ ಜೊತೆ ಏರಿಳಿಯುತ್ತೆ, ಅದಕ್ಕೆ ಆ ಹೊತ್ತಿಗೆ ಇಕೋ ಆಫ್. ಇನ್ನು ಜನರೇಟರಲ್ಲಿರೋ 12 ವೋಲ್ಟ್ ಡಿಸಿ ಸಾಕೆಟ್ ಬ್ಯಾಟರಿ ಚಾರ್ಜಿಗೆ ಮಾತ್ರ, ಅಪ್ಪಿತಪ್ಪಿಯೂ ರಿಗ್ ಹಚ್ಚಬೇಡಿ. ಹಳೇ ಎವಿಆರ್ ಸೆಟ್ ಇರೋರಿಗೆ ಟಿಕ್ ಟಿಕ್ ಅಂತ ಬರೋದು ಸ್ಪಾರ್ಕ್ ಪ್ಲಗ್ ಸದ್ದು, ಬಿಪಿ6ಇಎಸ್ ಇದ್ರೆ ತೆಗೆದು ಬಿಪಿಆರ್6ಇಎಸ್ ಹಾಕಿ, ಆ ಆರ್ ಅಂದ್ರೆ ರೆಸಿಸ್ಟರ್.

ಈಗ ನನ್ನ ಪದ್ಧತಿ ಏನಪ್ಪಾ ಅಂದ್ರೆ, ರಿಗ್ ಯಾವಾಗ್ಲೂ 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಮೇಲೇ. ಜನರೇಟರ್ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಆ ಹೊತ್ತಲ್ಲಿ ಫ್ರಿಜ್ಜು, ಯುಪಿಎಸ್ಸು, ಈ ಬ್ಯಾಟರಿ ಎಲ್ಲ ಒಟ್ಟಿಗೆ. ರಾತ್ರಿ ಎಲ್ಲ ಬಂದ್, ಮಳೆ ಸದ್ದು ಬಿಟ್ರೆ ಬ್ಯಾಂಡಲ್ಲಿ ಸಿಗ್ನಲ್ಲೇ.

ಒಂದು ಮಾತು ಕೈ ಮುಗಿದು ಹೇಳ್ತೀನಿ. ಮಳೆ ಅಂತ ಜನರೇಟರನ್ನ ಕೊಟ್ಟಿಗೆ ಒಳಗೆ, ಜಗಲಿ ಮೂಲೇಲಿ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಮನೆಗಳ ಕಿಟಕಿ ಬಾಗಿಲು ಎಲ್ಲ ಮುಚ್ಚಿರ್ತವೆ, ಹೊಗೇಲಿರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದೋರು ಏಳಲ್ಲ. ನಾನು ಮನೆಯಿಂದ 20 ಅಡಿ ಆಚೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿದೀನಿ, ನಾಲ್ಕೂ ಕಡೆ ಓಪನ್, ಸೈಲೆನ್ಸರ್ ಬಾಯಿ ತೋಟದ ಕಡೆಗೆ. ಹಾಗೇ ಎರಡೂ ಕಡೆ ಪ್ಲಗ್ ಇರೋ ವೈರ್ ಮಾಡಿ ಗೋಡೆ ಸಾಕೆಟ್ಟಿಗೆ ಚುಚ್ಚೋರಿದ್ದಾರೆ, ಆ ಕರೆಂಟ್ ವಾಪಸ್ ಲೈನಿಗೆ ಹೋಗಿ ಟಿಸಿ (ಟ್ರಾನ್ಸ್‌ಫಾರ್ಮರ್) ದಾಟಿದ್ರೆ ಸಾವಿರಾರು ವೋಲ್ಟ್, ಕಂಬದ ಮೇಲಿರೋ ಲೈನ್‌ಮ್ಯಾನ್ ಗತಿ ಏನು? ಲೈನ್ ಇಲ್ಲವೇ ಜನರೇಟರ್, ಒಂದನ್ನ ಮಾತ್ರ ಮನೆಗೆ ಜೋಡಿಸೋ ಚೇಂಜ್‌ಓವರ್ ಸ್ವಿಚ್ ಹಾಕಿಸ್ಲೇಬೇಕು.

ಪೆಟ್ರೋಲ್ ಈಗ ಇ20, ಅಂದ್ರೆ 20 ಪರ್ಸೆಂಟ್ ತನಕ ಎಥನಾಲ್ ಬೆರೆಸಿದ್ದು, ಎಥನಾಲ್ ನೀರು ಹೀರುತ್ತೆ, ನಮ್ಮ ಥಂಡಿಗೆ ಹೇಳೋದೇ ಬೇಡ. ಬಳಸ್ದೆ ಇಡೋದಾದ್ರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಖಾಲಿ ಮಾಡಿಡಿ, ಇಲ್ಲಾಂದ್ರೆ ತಿಂಗಳಿಗೊಮ್ಮೆ ಲೋಡ್ ಹಾಕಿ ಇಪ್ಪತ್ತು ನಿಮಿಷ ಓಡ್ಸಿ. ಆಯಿಲ್ ಮೊದಲ ಸಲ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ. ನಂದು ಈ ವರ್ಷ ಆರಿದ್ರದಿಂದ ಶುರು ಮಾಡಿ ಇಲ್ಲಿತನಕ 60 ಗಂಟೆ ಓಡಿದೆ, ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗದೇ ಇದ್ದ ದಿನ ಇಲ್ಲ, ಅಜ್ಜಿಯ ಇನ್ಸುಲಿನ್ ತಣ್ಣಗೇ ಇದೆ. 80 ಮೀಟರ್ ಬ್ಯಾಂಡಲ್ಲಿ ಮಾತ್ರ ಇನ್ನೂ ಸ್ವಲ್ಪ ಸದ್ದು ಉಳ್ಕೊಂಡಿದೆ, ಲಿಥಿಯಂ ಬ್ಯಾಟರಿ ಚಾರ್ಜರ್ ಮೇಲೆ ಅನುಮಾನ, ಭಾನುವಾರ ಮಳೆ ಬಿಟ್ರೆ ಅದಕ್ಕೂ ಒಂದು ಟೊರಾಯ್ಡ್ ಸುತ್ತಿ ನೋಡ್ತೀನಿ.