ಮೊದಲ ಸಮುದ್ರಯಾನಕ್ಕೆ ಯಾವ ಲೈಫ್ ಜಾಕೆಟ್: ಫೋಮಿನದೋ, ಗಾಳಿ ತುಂಬುವುದೋ?

ಮಡಿಕೇರಿಯಿಂದ ಘಾಟಿ ಇಳಿದು, ಮೊದಲ ಸಲ ಹಾಯಿದೋಣಿಯಲ್ಲಿ ದಡ ಕಾಣದಷ್ಟು ದೂರ ಹೋಗುತ್ತಿದ್ದೀರಾ? ಮೊದಲು ಜಾಕೆಟ್ ಆರಿಸಿ.

ದುಬಾರೆಯ ರಾಫ್ಟಿಂಗ್‌ನಲ್ಲಿ ಕೊಡ್ತಾರಲ್ಲ, ಆ ದಪ್ಪ ಫೋಮ್ ಜಾಕೆಟ್ ಹೊಳೆಗೆ ಸರಿ. ಕೆಡುವಂಥದ್ದು ಹೆಚ್ಚೇನಿಲ್ಲ, ಬಿದ್ದ ಕೂಡಲೇ ತೇಲಿಸುತ್ತದೆ. ಆದರೆ ಕಡಲ ಸೆಕೆಯಲ್ಲಿ ದಿನವಿಡೀ ಅದನ್ನು ಹಾಕಿಕೊಂಡು ಹಗ್ಗ ಎಳೆಯೋದು ಕಷ್ಟ. ಬಿಚ್ಚಿಟ್ಟುಬಿಡುತ್ತೀರಿ, ಅಲ್ವಾ?

ಗಾಳಿ ತುಂಬುವ 150 ನ್ಯೂಟನ್ (ಇದು ತೇಲಿಸುವ ಬಲದ ಅಳತೆ) ಜಾಕೆಟ್ ಹೆಗಲ ಮೇಲೆ ಪಟ್ಟಿಯಂತೆ ಕೂರುತ್ತದೆ. ಆಟೋಮ್ಯಾಟಿಕ್ ಆದರೆ ನೀರಿಗೆ ಬಿದ್ದಾಗ ಪುಟ್ಟ ಗ್ಯಾಸ್ ಸಿಲಿಂಡರಿನ ಮೂತಿಗೆ ತೂತು ಬಿದ್ದು ತಾನೇ ಉಬ್ಬುತ್ತದೆ. ಪ್ರಜ್ಞೆ ತಪ್ಪಿದವರ ಮುಖವನ್ನೂ ಮೇಲಕ್ಕೆ ತಿರುಗಿಸುವಂತೆ ಮಾಡಿರುತ್ತಾರೆ. ಬೆಲೆ ಜಾಸ್ತಿ. ನಮ್ಮ ಮಳೆಗಾಲದ ಥಂಡಿಯೂ ಇದಕ್ಕೆ ಆಗದು. ಕೆಲವು ಮಾದರಿಗಳಲ್ಲಿ ನೀರಿಗೆ ಕರಗುವ ಬಿಲ್ಲೆ ಇರುತ್ತದೆ; ಅದು ಕರಗಿದಾಗಲೇ ಸಿಲಿಂಡರಿಗೆ ತೂತು ಬೀಳುವುದು. ಅದು ತೇವಕ್ಕೆ ಸಡಿಲವಾದರೆ ಜಾಕೆಟ್ ಬೀರುವಿನಲ್ಲೇ ಉಬ್ಬೀತು. ಅದಕ್ಕೇ ಹೊರಡುವ ಮುಂಚೆ ಬಿಲ್ಲೆಯ ತಾರೀಕು ನೋಡಿ. ಸಿಲಿಂಡರ್ ಬಿಚ್ಚಿ, ಮೂತಿಯಲ್ಲಿ ತೂತು ಬಿದ್ದಿಲ್ಲ ತಾನೇ ಅಂತ ನೋಡಿ, ಮತ್ತೆ ಕೈಯಲ್ಲೇ ಬಿಗಿಯಾಗಿ ತಿರುಗಿಸಿ. ಬಾಯಲ್ಲಿ ಊದಿ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಅದು ಬೇಡ.

ನಾನಾದರೆ ಗಾಳಿ ತುಂಬುವುದನ್ನೇ ಆರಿಸುತ್ತೇನೆ. ತೊಡೆಸಂದಿಯ ಪಟ್ಟಿ ಮತ್ತು ದೋಣಿಗೆ ಹಗ್ಗ ಸಿಕ್ಕಿಸುವ ಕೊಂಡಿ ಎರಡೂ ಇರಲೇಬೇಕು. ಪುಟ್ಟ ಮಕ್ಕಳಿಗೆ ಮಾತ್ರ ಕತ್ತಿನ ಹಿಂದೆ ದಿಂಬಿರುವ ಫೋಮಿನದೇ ಕೊಡಿಸಿ.