ಲ್ಯಾಂಬೋರ್ಗಿನಿ ಮಿಯುರಾ ಪಿ400 ಎಸ್: ಕಾರಿನಷ್ಟೇ ಅದರ ಫೈಲೂ ಮುಖ್ಯ

ಹಳೇ ಕಾರುಗಳ ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಮಿಯುರಾ ಕೊಳ್ಳಬೇಕೆಂದಿದ್ದ ಒಬ್ಬರು ಕರೆದರು ಅಂತ ಇಟಲಿಯ ಸಾಂತಾಗಾತಾ ಬೊಲೊನ್ಯೇಸೆ ಹತ್ತಿರದ ಒಂದು ಗ್ಯಾರೇಜಿಗೆ ಹೋಗಿದ್ದೆ. ಲ್ಯಾಂಬೋರ್ಗಿನಿ ಕಾರ್ಖಾನೆ ಇರುವುದೂ ಆ ಊರಲ್ಲೇ. ಕಾರು 1969ರದ್ದು.

ಅಂದದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಾರುಗಳ ವಿನ್ಯಾಸ ಮಾಡುವ ಬೆರ್ತೋನೆ ಕಂಪನಿಯಲ್ಲಿದ್ದ ಮಾರ್ಚೆಲ್ಲೊ ಗಾಂದೀನಿ ಇದರ ರೂಪ ಬಿಡಿಸಿದಾಗ ಅವರಿಗಿನ್ನೂ 30 ತುಂಬಿರಲಿಲ್ಲ. ಆದರೆ ಹೆಡ್‌ಲೈಟು ಮಾತ್ರ ಫಿಯಟ್ 850 ಸ್ಪೈಡರ್‌ನದ್ದು! ಕಾರಿನ ಎತ್ತರ ಸುಮಾರು 105 ಸೆಂ.ಮೀ. ಅಷ್ಟೆ, ಮೈ ಮುದುಡಿಕೊಂಡೇ ಒಳಗೆ ಹೋಗಬೇಕು. 3,929 ಸಿಸಿಯ ವಿ12 ಇಂಜಿನ್ ಬೆನ್ನ ಹಿಂದೆಯೇ ಅಡ್ಡಲಾಗಿ ಕೂತಿದೆ. ಎಸ್ ಮಾಡೆಲ್‌ನಲ್ಲಿ 370 ಅಶ್ವಶಕ್ತಿ. ಪಕ್ಕದ ಸೀಟಲ್ಲಿ ಕೂತು ಒಂದು ಸುತ್ತು ಹೋಗಿ ಬಂದೆ. ಕಿವಿಗೆ ಹಬ್ಬ, ಬೆನ್ನಿಗೆ ಸೆಕೆ. ಮಾತಾಡುವುದಂತೂ ಆಗದ ಮಾತು.

ತೊಂದರೆಗಳೂ ಇವೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಗೇರು ಸವೆದ ಲೋಹದ ಪುಡಿ ಇಂಜಿನ್ನಿಗೂ ಹೋಗುತ್ತದೆ. ಆಮೇಲೆ ಬಂದ ಎಸ್‌ವಿ ಮಾಡೆಲ್‌ನ ಕಡೇ ಕಡೇ ಕಾರುಗಳಲ್ಲಷ್ಟೇ ಎರಡನ್ನೂ ಬೇರೆ ಮಾಡಿದರು. ಪೆಟ್ರೋಲ್ ಟ್ಯಾಂಕ್ ಮುಂದಿದೆ, ಅದು ಖಾಲಿಯಾದಂತೆ ವೇಗದಲ್ಲಿ ಮೂತಿ ಹಗುರಾಗುತ್ತದೆ. ಇನ್ನು ಕಾರ್ಬ್ಯುರೇಟರುಗಳು ಕೂತಿರುವುದು ಕಾದ ಇಂಜಿನ್ ಮೇಲೆ. ಅಲ್ಲಿ ಪೆಟ್ರೋಲ್ ಸೋರಿದರೆ ಬೆಂಕಿಯೇ. ಸುಟ್ಟುಹೋಗಿ ಮತ್ತೆ ಕಟ್ಟಿದ ಮಿಯುರಾಗಳಿವೆ. ಹೊಸ ಪೇಂಟ್ ಹೊಡೆದರೆ ಅದು ಕಣ್ಣಿಗೆ ಕಾಣಲ್ಲ, ಮೇಲೆ ಥಳಕು ಒಳಗೆ ಹುಳುಕು. ಫೈಲು ಬೇಕಾಗುವುದು ಅದಕ್ಕೇ.

1966ರಿಂದ 1973ರವರೆಗೆ ತಯಾರಾಗಿದ್ದು ಸುಮಾರು 760 ಕಾರು. ಹಾಗಾಗಿ ಒಂದೊಂದರ ಜಾತಕವನ್ನೂ ಹುಡುಕಿ ತೆಗೆಯಬಹುದು. ‘ದಿ ಇಟಾಲಿಯನ್ ಜಾಬ್’ ಸಿನಿಮಾದ ಶುರುವಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯಲ್ಲಿ ಓಡುವ ಕಿತ್ತಳೆ ಬಣ್ಣದ ಮಿಯುರಾನೇ ತಗೊಳ್ಳಿ. ಅದು ಗ್ರಾಹಕರಿಗೆ ಹೋಗಬೇಕಿದ್ದ ಹೊಸ ಕಾರು. ಸಿನಿಮಾದಲ್ಲಿ ಅದು ನಜ್ಜುಗುಜ್ಜಾಗುತ್ತದೆ, ಆದರೆ ನಿಜಕ್ಕೂ ಪ್ರಪಾತಕ್ಕೆ ತಳ್ಳಿದ್ದು ಮೊದಲೇ ಅಪಘಾತವಾಗಿದ್ದ ಬೇರೊಂದನ್ನು. ಹೊಸ ಕಾರಿನ ಬಿಳಿ ಚರ್ಮದ ಸೀಟು ಕೊಳೆಯಾಗದಿರಲಿ ಅಂತ ಕಪ್ಪು ಸೀಟು ಹಾಕಿದರು. ಹೆಡ್‌ರೆಸ್ಟ್ ಮಾತ್ರ ಬದಲಾಯಿಸಲು ಆಗಲಿಲ್ಲ, ಸಿನಿಮಾದಲ್ಲೂ ಅವು ಬಿಳಿಯಾಗೇ ಕಾಣುತ್ತವೆ. ಕಂಪನಿಯ ಹಳೇ ದಾಖಲೆಗಳನ್ನು ಕಾಯುವ ಪೊಲೊ ಸ್ಟೋರಿಕೊ ವಿಭಾಗ 2019ರಲ್ಲಿ ಆ ಕಾರು ಚಾಸಿ ನಂಬರ್ 3586 ಎಂದು ಖಚಿತಪಡಿಸಿತು. ಇಷ್ಟು ವರ್ಷ ಅದು ಚೂರುಚೂರಾಯಿತು ಅಂತಲೇ ಎಷ್ಟೋ ಜನ ನಂಬಿದ್ದರು ನೋಡಿ. ಇರಾನಿನ ಶಾ ಅವರ ಎಸ್‌ವಿಜೆ ಅನ್ನುವ ಅಪರೂಪದ ಮಿಯುರಾ ಅಂತೂ 1997ರ ಹರಾಜಿನಲ್ಲಿ ನಟ ನಿಕೋಲಸ್ ಕೇಜ್ ಕೈಸೇರಿತು. ಒಡೆಯರು ಅಂಥವರಾದರೆ ಲೆಕ್ಕ ಸಿಗುತ್ತದೆ. ಮಾಮೂಲಿ ಜನರ ಕೈಲಿದ್ದ ಕಾರಿಗೆ ಯಾರು ಲೆಕ್ಕ ಇಟ್ಟಿರುತ್ತಾರೆ, ಅಲ್ವಾ?

ನಾನು ನೋಡಿದ ಕಾರಿನ ಫೈಲು ದಪ್ಪಗಿತ್ತು. ಆದರೆ ದಪ್ಪ ಮಾಡಿದ್ದು ಈಚಿನ ಪೇಂಟು, ಪಾಲಿಶ್ ಬಿಲ್ಲುಗಳು. ನಡುವಿನ ಒಬ್ಬ ಮಾಲೀಕರ ಕಾಲದ್ದು ಒಂದು ಚೀಟಿಯೂ ಇಲ್ಲ. ಸೀಟಿಗೆ ಹೊಚ್ಚ ಹೊಸ ಕಂದು ಚರ್ಮ. ‘ಮೊದಲಿಂದಲೂ ಇದೇ ಬಣ್ಣ’ ಎಂದರು ಮಾರುವವರು. ಸೀಟಿನ ಹಳಿಯ ಪಕ್ಕ ಕಾರ್ಪೆಟ್ ಎತ್ತಿದೆ. ಉಗುರಗಲದ ಹಳೇ ಚರ್ಮದ ತುಂಡೊಂದು ಗೋಂದಿಗೆ ಅಂಟಿಕೊಂಡಿತ್ತು. ಕಡು ನೀಲಿ. ಮಾರುವವರು ಆಮೇಲೆ ಬಣ್ಣದ ಮಾತೆತ್ತಲಿಲ್ಲ.

ಇಷ್ಟಕ್ಕೇ ಕಾರು ಕೆಟ್ಟದ್ದು ಅನ್ನಲಾರೆ. ತುಕ್ಕಿಲ್ಲ, ಗೇರು ಸಲೀಸಾಗಿ ಬೀಳುತ್ತದೆ, ಬಾಗಿಲು ಒಂದೇ ಸಲಕ್ಕೆ ಮುಚ್ಚಿಕೊಳ್ಳುತ್ತದೆ. ಓಡಿಸಿ ಖುಷಿಪಡುವವರಿಗೆ ಧಾರಾಳವಾಗಿ ಸಾಕು. ಆದರೆ ಮಾರುವವರು ಕೇಳುತ್ತಿರುವುದು ಒರಿಜಿನಲ್ ಕಾರಿನ ಬೆಲೆ. ಅಡ್ವಾನ್ಸ್ ಕೊಡಬೇಡಿ, ಮೊದಲು ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಪೊಲೊ ಸ್ಟೋರಿಕೊಗೆ ಕಳಿಸಿ ಅಂತ ಕೊಳ್ಳುವವರಿಗೆ ಅಂದೆ. ಬೆಲೆ ಮಾತು ಏನಿದ್ದರೂ ಅಲ್ಲಿಂದ ಉತ್ತರ ಬಂದ ಮೇಲೆ.