ಪ್ರಿಂಟರ್ ಬಿಳಿ ಹಾಳೆ ಕೊಡ್ತಾ ಇದ್ಯಾ? ಮತ್ತೆ ಮತ್ತೆ ಹೆಡ್ ಕ್ಲೀನಿಂಗ್ ಒತ್ತಬೇಡಿ

ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿದ್ದ ಇಂಕ್ ಟ್ಯಾಂಕ್ ಪ್ರಿಂಟರನ್ನು ಒಂದೇ ರಾತ್ರಿಯಲ್ಲಿ ನಾನೇ ಕೈಯಾರೆ ಹಾಳು ಮಾಡಿಕೊಂಡೆ. ಶುರುವಿನಲ್ಲಿ ಇದ್ದದ್ದು ಸಣ್ಣ ತೊಂದರೆ, ಅದನ್ನು ದೊಡ್ಡದು ಮಾಡಿದ್ದು ನನ್ನ ಆತುರ. ಇದೇ ತಪ್ಪನ್ನು ತುಂಬಾ ಜನ ಮಾಡುತ್ತಾರೆ ಅಂತ ಆಮೇಲೆ ರಿಪೇರಿಯವರು ಹೇಳಿದರು. ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಸುಮಾರು ಎರಡು ತಿಂಗಳು ಪ್ರಿಂಟರ್ ಮುಟ್ಟಿರಲಿಲ್ಲ. ಮಗಳ ಅರ್ಜಿ ಮರುದಿನ ಬೆಳಿಗ್ಗೆ ಕೊಡಬೇಕಿತ್ತು. ಪ್ರಿಂಟ್ ಕೊಟ್ಟೆ, ಹಾಳೆ ಒಳಗೆ ಹೋಯಿತು, ಹೆಡ್ (ಹಾಳೆಯ ಮೇಲೆ ಇಂಕ್ ಚಿಮ್ಮಿಸುವ ಭಾಗ) ಅತ್ತಿತ್ತ ಓಡಾಡುವ ಸದ್ದೂ ಬಂತು, ಆದರೆ ಹೊರಗೆ ಬಂದ ಹಾಳೆಯಲ್ಲಿ ಫೋಟೊ ಇದ್ದ ಜಾಗದಲ್ಲಿ ಮಾತ್ರ ಬಣ್ಣ, ಅಕ್ಷರ ಒಂದೂ ಇಲ್ಲ. ಟ್ಯಾಂಕ್ ನೋಡಿದರೆ ಕಪ್ಪು ಇಂಕ್ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಅಂದರೆ ಇಂಕ್ ಖಾಲಿಯಾಗಿಲ್ಲ, ಕಂಪ್ಯೂಟರ್ ಸರಿ ಇದೆ, ಕೇಬಲ್ ಸರಿ ಇದೆ, ಕಪ್ಪು ಬಣ್ಣದ ನಾಜಲ್‌ಗಳು (ಹೆಡ್‌ನಲ್ಲಿ ಇಂಕ್ ಹೊರಬರುವ ಸಣ್ಣ ಬಾಯಿಗಳು) ಮಾತ್ರ ಒಣಗಿ ಕಟ್ಟಿಕೊಂಡಿವೆ, ಅಷ್ಟೇ. ಇದು ಈಗ ಗೊತ್ತು. ಆಗ ಯೋಚಿಸುವ ತಾಳ್ಮೆ ಇರಲಿಲ್ಲ.

ಹೆಡ್ ಕ್ಲೀನಿಂಗ್ ಕೊಟ್ಟೆ. ಏನೂ ಆಗಲಿಲ್ಲ. ಇನ್ನೊಮ್ಮೆ ಕೊಟ್ಟೆ. ಮೂರನೆಯ ಸಲಕ್ಕೆ ಅಲ್ಲೊಂದು ಇಲ್ಲೊಂದು ಕಪ್ಪು ಗೆರೆ ಕಾಣಿಸಿತು, ಅದನ್ನು ನೋಡಿ ಆಸೆ ಹುಟ್ಟಿ ಬಿಡದೆ ಒತ್ತುತ್ತಾ ಹೋದೆ, ಒಟ್ಟು ಹನ್ನೊಂದು ಸಲ ಆಗಿರಬೇಕು. ಏಳನೆಯದೋ ಎಂಟನೆಯದೋ ಸಲಕ್ಕೆ ಅಲ್ಲಿಯವರೆಗೆ ಸರಿಯಾಗಿದ್ದ ನೀಲಿಯೂ ತುಂಡು ತುಂಡಾಗಿ ಬರತೊಡಗಿತು. ಗಾಬರಿಯಾಗಿ ಮೆನುವಿನಲ್ಲಿದ್ದ, ಇನ್ನೂ ಜೋರಾದ ಪವರ್ ಕ್ಲೀನಿಂಗ್ ಕೂಡ ಕೊಟ್ಟೆ. ಆ ಹೊತ್ತಿಗೆ ಕಪ್ಪು ಇಂಕ್ ಕೆಳಗಿನ ಗೆರೆಗಿಂತ ಕೆಳಕ್ಕೆ ಇಳಿದಿತ್ತು, ಅದನ್ನು ನಾನು ನೋಡಲೇ ಇಲ್ಲ.

ಕ್ಲೀನಿಂಗ್ ಅಂದರೆ ಏನು ನಡೆಯುತ್ತದೆ ಅಂತ ಮೊದಲೇ ತಿಳಿದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಹೆಸರು ಕೇಳಿದರೆ ಒರೆಸಿ ತೊಳೆಯುವ ಕೆಲಸ ಅನ್ನಿಸುತ್ತದೆ, ಅಲ್ವಾ? ಅಸಲಿಗೆ ಒಳಗಿರುವ ಒಂದು ಪಂಪ್ ನಾಜಲ್‌ಗಳ ಮೂಲಕ ಇಂಕನ್ನು ಜೋರಾಗಿ ಎಳೆದು ಹೊರಗೆ ಚೆಲ್ಲುತ್ತದೆ. ನಾಜಲ್‌ನ ತೂತು ತಲೆಕೂದಲಿಗಿಂತ ಸಣ್ಣದು. ಅಲ್ಲಿ ಒಣಗಿ ಗಟ್ಟಿಯಾದ ಇಂಕ್ ಎಳೆದ ತಕ್ಷಣ ಕಿತ್ತು ಬರುವುದಿಲ್ಲ, ನೆನೆದು ಸಡಿಲವಾಗಲು ಅದಕ್ಕೆ ಹೊತ್ತು ಬೇಕು. ಹೊತ್ತು ಕೊಡದೆ ಎಳೆಯುತ್ತಲೇ ಇದ್ದರೆ ಕಟ್ಟಿದ್ದು ಕಟ್ಟಿಯೇ ಇರುತ್ತದೆ, ಸರಿಯಾಗಿರುವ ಬಣ್ಣಗಳ ಇಂಕ್ ಸುಮ್ನೆ ಹೋಗುತ್ತದೆ. ಟ್ಯಾಂಕ್‌ನಲ್ಲಿ ಇಂಕ್ ಕಡಿಮೆ ಇದ್ದರಂತೂ ಇಂಕ್ ಜೊತೆ ಗಾಳಿಯೂ ಟ್ಯೂಬ್ ಒಳಗೆ ಬರುತ್ತದೆ. ನನಗೆ ಆದದ್ದು ಅದೇ.

ಇನ್ನೊಂದು ವಿಷಯ. ಹೀಗೆ ಚೆಲ್ಲಿದ ಇಂಕ್ ಮಾಯವಾಗುವುದಿಲ್ಲ. ಪ್ರಿಂಟರ್‌ನ ತಳದಲ್ಲಿ ಸ್ಪಂಜಿನಂಥ ಒಂದು ಪ್ಯಾಡ್ ಇರುತ್ತದೆ, ಅದು ಹೀರಿಕೊಳ್ಳುತ್ತದೆ. ಎಷ್ಟು ಇಂಕ್ ಅಲ್ಲಿಗೆ ಹೋಯಿತು ಅಂತ ಪ್ರಿಂಟರ್ ಲೆಕ್ಕ ಇಡುತ್ತಾ ಇರುತ್ತದೆ. ಲೆಕ್ಕ ತುಂಬಿದ ದಿನ ಪ್ಯಾಡ್ ಬದಲಿಸಿ ಅಂತ ಹೇಳಿ ಕೆಲಸ ನಿಲ್ಲಿಸುತ್ತದೆ. ಆ ರಾತ್ರಿ ಕೊನೆಗೆ ಪರದೆ ಮೇಲೆ ಬಂದದ್ದು ಅದೇ ಸಂದೇಶ.

ಅಷ್ಟಕ್ಕೂ ಬಿಡಲಿಲ್ಲ ನಾನು. ಎಲ್ಲೋ ನೋಡಿದ ವಿಡಿಯೊ ನಂಬಿ ಸಿರಿಂಜಿನಲ್ಲಿ ಸ್ಪಿರಿಟ್ ತುಂಬಿ ಹೆಡ್ ಒಳಗೆ ಒತ್ತಿದೆ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಒತ್ತಡಕ್ಕೆ ಹೆಡ್ ಒಳಗಿನ ಅಂಟು ಬಿಟ್ಟುಕೊಂಡರೆ ಬಣ್ಣಗಳು ಒಂದಕ್ಕೊಂದು ಸೇರಿಬಿಡುತ್ತವೆ, ದ್ರವ ಸರ್ಕ್ಯೂಟ್ ಕಡೆಗೆ ಹೋದರೆ ಹೆಡ್ ಸುಟ್ಟೇ ಹೋಗಬಹುದು. ನನ್ನದು ಮತ್ತೆ ಏಳಲಿಲ್ಲ. ಹೊಸ ಹೆಡ್ ಹಾಕಿಸುವ ಖರ್ಚು ಹೊಸ ಪ್ರಿಂಟರ್‌ಗೆ ಹತ್ತಿರ ಹತ್ತಿರ ಬರುತ್ತಿತ್ತು.

ಹಾಗಾದರೆ ಏನು ಮಾಡಬೇಕಿತ್ತು? ಮೊದಲು ಕಂಪ್ಯೂಟರನ್ನು ಪಕ್ಕಕ್ಕಿಟ್ಟು, ಪ್ರಿಂಟರ್‌ನಿಂದಲೇ ನಾಜಲ್ ಚೆಕ್ ಹಾಳೆ (ಪ್ರತಿ ಬಣ್ಣದ ಗೆರೆಗಳಿರುವ ಪರೀಕ್ಷೆಯ ಹಾಳೆ) ತೆಗೆಯಬೇಕಿತ್ತು, ಇದಕ್ಕೆ ಖರ್ಚಾಗುವ ಇಂಕ್ ತುಂಬಾ ಕಡಿಮೆ. ಆ ಹಾಳೆ ಚೆನ್ನಾಗಿ ಬಂದರೆ ಹೆಡ್ ಸರಿ ಇದೆ, ತೊಂದರೆ ಕಂಪ್ಯೂಟರ್ ಕಡೆ ಇದೆ ಅಂತ ಅರ್ಥ: ಸಾಲಿನಲ್ಲಿ ಸಿಕ್ಕಿಕೊಂಡ ಹಳೆಯ ಪ್ರಿಂಟ್, ಆಫ್‌ಲೈನ್ ಆಗಿರುವುದು, ಬೇರೆ ಪ್ರಿಂಟರ್ ಆಯ್ಕೆಯಾಗಿರುವುದು, ಇಂಥದ್ದು. ಗೆರೆಗಳು ತುಂಡಾಗಿದ್ದರೆ ಆಗ ಇಂಕ್ ಮಟ್ಟ ನೋಡಿ, ಒಂದು ಕ್ಲೀನಿಂಗ್ ಕೊಟ್ಟು, ಮತ್ತೆ ಚೆಕ್ ಹಾಳೆ ತೆಗೆಯಿರಿ. ಮೂರು ಸಲಕ್ಕೆ ಸರಿ ಹೋಗದಿದ್ದರೆ ನಿಲ್ಲಿಸಿ, ಪ್ರಿಂಟರ್ ಆಫ್ ಮಾಡಿ ಒಂದು ರಾತ್ರಿ ಹಾಗೇ ಬಿಡಿ. ನನ್ನ ಪ್ರಿಂಟರ್‌ನ ಕೈಪಿಡಿಯಲ್ಲೇ ಕನಿಷ್ಠ 12 ಗಂಟೆ ಬಿಡಿ ಅಂತ ಬರೆದಿತ್ತು, ನಾನು ಓದಿರಲಿಲ್ಲ. ಆ ಹೊತ್ತಿನಲ್ಲಿ ಒಣಗಿದ್ದು ನೆನೆಯುತ್ತದೆ, ಗಾಳಿಯ ಗುಳ್ಳೆಗಳೂ ಮೇಲಕ್ಕೆ ಸರಿಯುತ್ತವೆ. ಅರ್ಜಿಯನ್ನು ಆ ರಾತ್ರಿ ಬೇರೆ ಕಡೆ ಪ್ರಿಂಟ್ ಮಾಡಿಸಿದ್ದರೆ ಎಲ್ಲ ಮುಗಿಯುತ್ತಿತ್ತು.

ಕಾರ್ಟ್ರಿಡ್ಜ್ ಪ್ರಿಂಟರ್ ಇರುವವರು ಒಂದು ನೋಡಿಕೊಳ್ಳಿ. ಕೆಲವು ಮಾದರಿಗಳಲ್ಲಿ ಹೆಡ್ ಕಾರ್ಟ್ರಿಡ್ಜ್‌ನಲ್ಲೇ ಇರುತ್ತದೆ, ತಳದಲ್ಲಿ ತಾಮ್ರದ ಬಣ್ಣದ ಪಟ್ಟಿ ಕಾಣುತ್ತದೆ. ಅಂಥದ್ದಾದರೆ ಕಾರ್ಟ್ರಿಡ್ಜ್ ಬದಲಿಸಿದರೆ ಹೆಡ್ಡೂ ಹೊಸದಾಗುತ್ತದೆ, ಅಷ್ಟು ಒದ್ದಾಡಬೇಕಿಲ್ಲ.

ನನ್ನ ನಾಜಲ್ ಒಣಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ಯಾವಾಗಲೂ ಗೋಡೆಯ ಸ್ವಿಚ್ ಆಫ್ ಮಾಡುತ್ತಿದ್ದೆ. ಪ್ರಿಂಟರ್‌ನ ಬಟನ್ ಒತ್ತಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಆಗ ಇಂಕ್ ಬೇಗ ಒಣಗುವುದಿಲ್ಲ. ಕೆಲಸದ ನಡುವೆ ಗೋಡೆಯಲ್ಲಿ ಆಫ್ ಮಾಡಿದರೆ ಹೆಡ್ ಇದ್ದಲ್ಲೇ ತೆರೆದುಕೊಂಡು ನಿಲ್ಲುತ್ತದೆ. ಈಗ ಹೊಸ ಪ್ರಿಂಟರ್‌ಗೆ ಮೊದಲು ಬಟನ್, ಸದ್ದು ಪೂರ್ತಿ ನಿಂತ ಮೇಲೆ ಗೋಡೆಯ ಸ್ವಿಚ್. ವಾರಕ್ಕೊಂದು ಸಲ ಎಲ್ಲ ಬಣ್ಣ ಇರುವ ಒಂದು ಹಾಳೆ ಪ್ರಿಂಟ್ ತೆಗೆಯುತ್ತೇನೆ, ಬೇಕಿದ್ದರೂ, ಬೇಡದಿದ್ದರೂ.